ಎಂಎಸ್ ಇರುವ ತಂಗಿಗೆ ಪ್ಲೇಟ್ಲೆಟ್ ಕಡಿಮೆಯಾದರೆ ಒಳ್ಳೇದೇ ಅಲ್ವಾ?

ಪ್ರಶ್ನೆ: ನನ್ನ ತಂಗಿಗೆ 31 ವರ್ಷ. ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಇದೆ, ಅದಕ್ಕೆ ಟೆರಿಫ್ಲುನೊಮೈಡ್ ಮಾತ್ರೆ ತಗೊಳ್ತಿದ್ದಾಳೆ. ಹೋದ ವಾರದ ರಕ್ತಪರೀಕ್ಷೆಯಲ್ಲಿ ಪ್ಲೇಟ್ಲೆಟ್ 1.38 ಲಕ್ಷ ಬಂದಿದೆ. ಅಮ್ಮ ಗಾಬರಿಯಾಗಿ ಪಪ್ಪಾಯ ಎಲೆ ರಸ ಕೊಡಲು ಶುರು ಮಾಡಿದ್ದಾರೆ. ಆದರೆ ಎಂಎಸ್‌ನಲ್ಲಿ ಪ್ಲೇಟ್ಲೆಟ್‌ಗಳೇ ಮಿದುಳಿಗೆ ಹಾನಿ ಮಾಡುತ್ತವೆ ಎಂದು ನಾನು ಓದಿದ್ದೇನೆ. ಹಾಗಿದ್ದರೆ ಕಡಿಮೆ ಆಗಿದ್ದು ಒಳ್ಳೇದೇ ಅಲ್ವಾ? ಸ್ಟೆಂಟ್ ಹಾಕಿಸಿಕೊಂಡ ಅಪ್ಪ ದಿನಾ ತಗೊಳ್ಳುವ ಎಕೋಸ್ಪ್ರಿನ್ ಅವಳಿಗೂ ಕೊಡಬಹುದಾ?

ಉತ್ತರ: ಮೊದಲು ಅವಸರದ್ದು ಹೇಳಿಬಿಡುತ್ತೇನೆ. 1.38 ಲಕ್ಷಕ್ಕೆ ಗಾಬರಿ ಬೇಡ. ಎಕೋಸ್ಪ್ರಿನ್ ಕೊಡಬೇಡಿ, ಅದು ಆಸ್ಪಿರಿನ್, ಪ್ಲೇಟ್ಲೆಟ್‌ಗಳು ಅಂಟಿಕೊಳ್ಳದಂತೆ ತಡೆಯುವ ಮಾತ್ರೆ. ಪಪ್ಪಾಯ ರಸ ಸದ್ಯಕ್ಕೆ ನಿಲ್ಲಿಸಿ, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಇನ್ನು ನೀವು ನಡುವೆ ಕೇಳಿದ ಪ್ರಶ್ನೆ, ಅಂದರೆ ಕಡಿಮೆಯಾದರೆ ಒಳ್ಳೇದಲ್ವಾ ಅನ್ನೋದು, ಅದು ಪೆದ್ದ ಪ್ರಶ್ನೆ ಅಲ್ಲವೇ ಅಲ್ಲ. ಪ್ರಯೋಗಾಲಯಗಳಲ್ಲಿ ಇದೇ ಪ್ರಶ್ನೆ ಇಟ್ಟುಕೊಂಡು ಇಲಿಗಳ ಮೇಲೆ ಪ್ರಯೋಗ ಮಾಡಿದ್ದಾರೆ.

ನಮ್ಮ ಕಡೆ ಪ್ಲೇಟ್ಲೆಟ್ ಅಂದ ತಕ್ಷಣ ಎಲ್ಲರಿಗೂ ನೆನಪಾಗೋದು ಡೆಂಗಿ. ದಿನಾ ಬೆಳಗ್ಗೆ ಕೌಂಟ್ ಎಷ್ಟಾಯ್ತು, ಏರಿತಾ, ಇಳೀತಾ ಅನ್ನೋದೊಂದೇ ಚಿಂತೆ. ಹಾಗಾಗಿ ಪ್ಲೇಟ್ಲೆಟ್ ಅಂದರೆ ಬರೀ ಒಂದು ಸಂಖ್ಯೆ, ಅದರ ಕೆಲಸ ರಕ್ತ ಹೆಪ್ಪುಗಟ್ಟಿಸೋದು, ಅಷ್ಟೇ ಅಂತ ನಾವು ತಿಳಿದುಕೊಂಡುಬಿಟ್ಟಿದ್ದೇವೆ. ಗಾಯವಾದ ಕಡೆ ಅಂಟಿಕೊಂಡು ರಕ್ತ ನಿಲ್ಲಿಸೋದು ಅದರ ಮುಖ್ಯ ಕೆಲಸ ಹೌದು. ಆದರೆ ಈ ಪುಟ್ಟ ಚೂರುಗಳ ಒಳಗೆ ಸಣ್ಣ ಸಣ್ಣ ಚೀಲಗಳಿರುತ್ತವೆ. ಅವುಗಳಲ್ಲಿ ಇರೋ ಸಾಮಾನು ನೋಡಿದರೆ ಆಶ್ಚರ್ಯವಾಗುತ್ತದೆ. ನಮ್ಮ ರಕ್ತದಲ್ಲಿರುವ ಸೆರೊಟೋನಿನ್ ಹೆಚ್ಚುಕಮ್ಮಿ ಪೂರ್ತಿ ಪ್ಲೇಟ್ಲೆಟ್‌ಗಳ ಒಳಗೇ ಇರುತ್ತದೆ. ಕರುಳಿನಲ್ಲಿ ತಯಾರಾದದ್ದನ್ನು ಅವು ಹೀರಿಕೊಂಡು ಹೊತ್ತು ತಿರುಗುತ್ತವೆ. ಜೊತೆಗೆ ಬಿಳಿ ರಕ್ತಕಣಗಳನ್ನು ಕರೆಯುವ, ಕೆರಳಿಸುವ ರಾಸಾಯನಿಕಗಳೂ ಇವೆ. ಪ್ಲೇಟ್ಲೆಟ್ ಫ್ಯಾಕ್ಟರ್ 4 ಅಂತ ಒಂದಿದೆ. ಕೋವಿಡ್ ಲಸಿಕೆಯ ನಂತರ ತೀರಾ ಅಪರೂಪಕ್ಕೆ ಕೆಲವರಲ್ಲಿ ರಕ್ತ ಹೆಪ್ಪುಗಟ್ಟಿದ ಸುದ್ದಿ ಓದಿರುತ್ತೀರಿ, ಅಲ್ಲಿ ದೇಹ ತಪ್ಪಾಗಿ ಪ್ರತಿಕಾಯ ಮಾಡಿಕೊಂಡಿದ್ದು ಇದರ ವಿರುದ್ಧವೇ.

ಪ್ಲೇಟ್ಲೆಟ್‌ಗೆ ನ್ಯೂಕ್ಲಿಯಸ್ ಇಲ್ಲ, ಬದುಕೋದು 7ರಿಂದ 10 ದಿನ. ಅಷ್ಟರಲ್ಲೇ ಇಷ್ಟೆಲ್ಲ ಕೆಲಸ.

ಈಗ ಎಂಎಸ್‌ಗೆ ಬರೋಣ. ನಿಮಗೆ ಗೊತ್ತಿರೋದೇ, ಆದರೂ ಒಮ್ಮೆ ಹೇಳುತ್ತೇನೆ. ಮಿದುಳು, ಬೆನ್ನುಹುರಿ ಮತ್ತು ಕಣ್ಣಿನ ನರಗಳ ಎಳೆಗಳ ಮೇಲೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ. ನಮ್ಮದೇ ರೋಗನಿರೋಧಕ ಕಣಗಳು ರಕ್ತನಾಳದ ಗೋಡೆ ದಾಟಿ ಒಳಗೆ ಹೋಗಿ ಈ ಹೊದಿಕೆಯನ್ನು ಹಾಳು ಮಾಡುತ್ತವೆ. ಇಲ್ಲಿ ಗಮನಿಸಬೇಕಾದ್ದು ರಕ್ತನಾಳದ ಗೋಡೆ. ಎಂಎಸ್ ಅಂದರೆ ಬರೀ ನರದ ಕಾಯಿಲೆ ಅಂತ ನಾವು ಅಂದುಕೊಳ್ಳುತ್ತೇವೆ, ಆದರೆ ಹೊದಿಕೆ ಹಾಳಾದ ಒಂದೊಂದು ಕಲೆಯೂ ಸಾಮಾನ್ಯವಾಗಿ ಒಂದು ಸಣ್ಣ ರಕ್ತನಾಳದ ಸುತ್ತಲೇ ಹುಟ್ಟುತ್ತದೆ. 1863ರಲ್ಲೇ ಜರ್ಮನಿಯ ರಿಂಡ್‌ಫ್ಲೈಶ್ ಇದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ್ದರು. ಪ್ಯಾರಿಸ್‌ನಲ್ಲಿ ಶಾರ್ಕೋ ಈ ಕಾಯಿಲೆಯನ್ನು ಸರಿಯಾಗಿ ವಿವರಿಸಿದ್ದು 1868ರಲ್ಲಿ, ಅಂದರೆ ಅದಕ್ಕೂ 5 ವರ್ಷ ಆಮೇಲೆ.

ನಿಮ್ಮ ತಂಗಿಯ ಎಂಆರ್‌ಐ ಸಿಡಿ ಮನೆಯಲ್ಲಿದ್ದರೆ, ಮುಂದಿನ ಸಲ ರೇಡಿಯಾಲಜಿಯವರ ಹತ್ತಿರ ಒಂದು ಮಾತು ಕೇಳಿ ನೋಡಿ. ಅವರು ಪರದೆಯ ಮೇಲೆ ಅಂಥ ಒಂದು ಕಲೆಯನ್ನು, ಅಂದರೆ ಬಿಳಿ ಮಚ್ಚೆಯನ್ನು, ದೊಡ್ಡದು ಮಾಡಿ ತೋರಿಸಬಹುದು. ಕೆಲವು ಬಗೆಯ ಸ್ಕ್ಯಾನ್‌ನಲ್ಲಿ ಆ ಮಚ್ಚೆಯ ಸರಿ ಮಧ್ಯದಲ್ಲಿ ಕೂದಲಿನಷ್ಟು ತೆಳ್ಳಗೆ ಒಂದು ಕಪ್ಪು ಗೆರೆ ಹಾದುಹೋಗಿರುತ್ತದೆ. ಅದೇ ಆ ರಕ್ತನಾಳ. ಇಂಥ ಗೆರೆ ಇರುವ ಮಚ್ಚೆಗಳು ಜಾಸ್ತಿ ಇದ್ದರೆ ಅದು ಎಂಎಸ್ ಅನ್ನೋದಕ್ಕೆ ಬಲ ಬರುತ್ತದೆ, ಮೈಗ್ರೇನ್ ಅಥವಾ ಬಿಪಿಯಿಂದ ಬಂದ ಮಚ್ಚೆಯಲ್ಲಿ ಇದು ಅಷ್ಟಾಗಿ ಕಾಣೋದಿಲ್ಲ. ರೋಗ ಗುರುತಿಸುವ ಹೊಸ ಮಾನದಂಡದಲ್ಲೂ, ಅಂದರೆ 2024ರ ಮ್ಯಾಕ್‌ಡೊನಾಲ್ಡ್ ಪರಿಷ್ಕರಣೆಯಲ್ಲೂ, ಈ ಗೆರೆಗೆ ಜಾಗ ಸಿಕ್ಕಿದೆ.

ಮಚ್ಚೆಯ ಮಧ್ಯೆ ರಕ್ತನಾಳ ಇದೆ ಅಂದಮೇಲೆ ರಕ್ತದ ಮೇಲೆ ಅನುಮಾನ ಬರೋದು ಸಹಜ ಅಲ್ವಾ? ಅಮೆರಿಕದ ನರರೋಗ ವೈದ್ಯ ಟ್ರೇಸಿ ಪಟ್ನಮ್‌ಗೆ ಅದೇ ಅನುಮಾನ ಬಂತು. ಫಿಟ್ಸ್‌ಗೆ ಕೊಡುವ ಎಪ್ಟಾಯಿನ್ ಮಾತ್ರೆ ಗೊತ್ತಲ್ಲ, ಅದರ ಒಳಗಿನ ಫಿನೈಟೋಯಿನ್ ಫಿಟ್ಸ್‌ಗೆ ಕೆಲಸ ಮಾಡುತ್ತದೆ ಎಂದು 1938ರಲ್ಲಿ ಹೂಸ್ಟನ್ ಮೆರಿಟ್ ಜೊತೆ ಸೇರಿ ತೋರಿಸಿಕೊಟ್ಟವರು ಇವರೇ. ಎಂಎಸ್‌ನಲ್ಲಿ ಸಣ್ಣ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟೋದೇ ಮೂಲ ಅಂತ ಅವರು ನಂಬಿದ್ದರು. 1940ರ ದಶಕದಲ್ಲಿ ರೋಗಿಗಳಿಗೆ ರಕ್ತ ಹೆಪ್ಪುಗಟ್ಟದಂತೆ ಮಾಡುವ ಔಷಧಿ ಕೊಟ್ಟೂ ನೋಡಿದರು. ಆ ಚಿಕಿತ್ಸೆ ಚಾಲ್ತಿಗೆ ಬರಲಿಲ್ಲ. ಆಮೇಲೆ ರಾಯ್ ಸ್ವಾಂಕ್ ಎಂಬ ನರರೋಗ ವೈದ್ಯರು ಬಂದರು, ಅವರದ್ದು ಕೊಬ್ಬಿನ ಲೆಕ್ಕ. ಜಾಸ್ತಿ ಕೊಬ್ಬು ತಿಂದರೆ ರಕ್ತಕಣಗಳು ಒಂದಕ್ಕೊಂದು ಅಂಟಿಕೊಂಡು ಸಣ್ಣ ನಾಳಗಳನ್ನು ಮುಚ್ಚುತ್ತವೆ ಅಂತ ಹೇಳಿ ಕಡಿಮೆ ಕೊಬ್ಬಿನ ಪಥ್ಯ ಮಾಡಿಸಿದರು. ಅವರ ಹೆಸರಿನ ಡಯಟ್ ಇವತ್ತಿಗೂ ಚಾಲ್ತಿಯಲ್ಲಿದೆ, ಆದರೆ ಅದು ಎಂಎಸ್ ತಡೆಯುತ್ತದೆ ಅನ್ನೋದಕ್ಕೆ ಗಟ್ಟಿ ಸಾಕ್ಷಿ ಇಲ್ಲ. 1960ರ ದಶಕದಲ್ಲಿ ಲಂಡನ್‌ನಲ್ಲಿ ಇನ್ನೊಂದು ತಂಡ ಎಂಎಸ್ ರೋಗಿಗಳ ಪ್ಲೇಟ್ಲೆಟ್‌ಗಳು ಗಾಜಿಗೆ ಜಾಸ್ತಿ ಅಂಟುತ್ತವೆ ಅಂತ ತೋರಿಸಿತು. ಅದಾದ ಮೇಲೆ ಈ ವಿಷಯ ತಣ್ಣಗಾಯಿತು. ಎಂಎಸ್ ಅಂದರೆ ಟಿ ಕಣಗಳ, ಅಂದರೆ ಒಂದು ಬಗೆಯ ರೋಗನಿರೋಧಕ ಬಿಳಿ ರಕ್ತಕಣಗಳ, ಕಾಯಿಲೆ ಅಂತ ಎಲ್ಲರ ಗಮನ ಆ ಕಡೆ ಹೋಯಿತು.

ಈ ಸಾಲಿನಲ್ಲೇ 2009ರಲ್ಲಿ ಇಟಲಿಯ ಜಂಬೋನಿ ಎಂಬ ವೈದ್ಯರು ಕುತ್ತಿಗೆಯ ಅಭಿಧಮನಿ ಕಿರಿದಾಗಿರೋದೇ ಎಂಎಸ್‌ಗೆ ಕಾರಣ ಅಂದರು. ಬಲೂನ್ ಹಾಕಿ ಹಿಗ್ಗಿಸಿಕೊಳ್ಳಲು ಜನ ದೇಶ ದೇಶ ಸುತ್ತಿ ಲಕ್ಷಗಟ್ಟಲೆ ಸುರಿದರು. ಸರಿಯಾಗಿ ಪರೀಕ್ಷೆ ಮಾಡಿದಾಗ ಏನೂ ಪ್ರಯೋಜನ ಇಲ್ಲ ಅಂತ ಗೊತ್ತಾಯಿತು. ಇವತ್ತಿಗೂ ಯಾರಾದರೂ ಅದನ್ನು ನಿಮಗೆ ಮಾರಲು ಬಂದರೆ ಅಲ್ಲಿಂದ ಎದ್ದು ಬನ್ನಿ.

ಪ್ಲೇಟ್ಲೆಟ್ ಮತ್ತೆ ಸುದ್ದಿಗೆ ಬಂದಿದ್ದು 2008ರ ಹೊತ್ತಿಗೆ. ಎಂಎಸ್ ಇರುವವರ ರಕ್ತದಲ್ಲಿ ಪ್ಲೇಟ್ಲೆಟ್‌ಗಳು ಕೆರಳಿದ ಸ್ಥಿತಿಯಲ್ಲಿವೆ ಅಂತ ಅಮೆರಿಕದ ಒಂದು ತಂಡ ತೋರಿಸಿತು. ಕೆರಳಿದಾಗ ಪ್ಲೇಟ್ಲೆಟ್ ತನ್ನ ಒಳಗಿದ್ದ ಪಿ-ಸೆಲೆಕ್ಟಿನ್ ಎಂಬ ಕೊಂಡಿಯನ್ನು ಮೈಮೇಲೆ ತಂದುಕೊಳ್ಳುತ್ತದೆ, ಅದನ್ನು ಯಂತ್ರದಲ್ಲಿ ಅಳೆಯಬಹುದು. ಇಲ್ಲೇ ಒಂದು ಮಾತು ಗಮನಿಸಿ. ಅವರು ಅಳೆದಿದ್ದು ಪ್ಲೇಟ್ಲೆಟ್ ಎಷ್ಟಿವೆ ಅಂತ ಅಲ್ಲ, ಎಷ್ಟು ಕೆರಳಿವೆ ಅಂತ. ನಿಮ್ಮ ಕೈಯಲ್ಲಿರುವ ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆಯ, ವರದಿ ಹೇಳೋದು ಮೊದಲನೆಯದನ್ನು ಮಾತ್ರ. 1.38 ಲಕ್ಷ ಶಾಂತ ಪ್ಲೇಟ್ಲೆಟ್ ಇರಬಹುದು, 3 ಲಕ್ಷ ಕೆರಳಿದ್ದೂ ಇರಬಹುದು, ವರದಿಯಲ್ಲಿ ಇದು ಗೊತ್ತಾಗೋದಿಲ್ಲ. ಹಾಗಾಗಿ ಸಿಬಿಸಿಯ ಸಂಖ್ಯೆ ನೋಡಿ ಎಂಎಸ್ ಜಾಸ್ತಿಯಾಯ್ತು, ಕಮ್ಮಿಯಾಯ್ತು ಅಂತ ಹೇಳಲು ಆಗೋದಿಲ್ಲ.

ಈಗ ಇಲಿಗಳ ವಿಷಯ. ಇಲಿಗೆ ಎಂಎಸ್ ಬರೋದಿಲ್ಲ, ಆದರೆ ಮಯಲಿನ್ ಅಂಶವನ್ನು ಚುಚ್ಚಿ ಅದಕ್ಕೆ ಹೋಲುವ ಕಾಯಿಲೆ ತರಿಸಬಹುದು. ಮೊದಲು ಬಾಲ ಸೋಲುತ್ತದೆ, ಆಮೇಲೆ ಹಿಂಗಾಲು. 2012ರಲ್ಲಿ ಜರ್ಮನಿಯ ಹರಾಲ್ಡ್ ಲ್ಯಾಂಗರ್ ಮತ್ತು ಜೊತೆಗಾರರು ಇಂಥ ಇಲಿಗಳಲ್ಲಿ ಉರಿಯೂತ ಜೋರಾಗುವ ಹಂತದಲ್ಲಿ ಪ್ಲೇಟ್ಲೆಟ್‌ಗಳನ್ನೇ ತೆಗೆದುಬಿಟ್ಟರು. ಇಲಿಗಳ ಕಾಯಿಲೆ ಹಗುರವಾಯಿತು. ಮಿದುಳಿನ ರಕ್ತನಾಳಕ್ಕೆ ಬಂದು ಅಂಟುವ ಬಿಳಿ ಕಣಗಳೂ ಕಡಿಮೆಯಾದವು. ಪ್ಲೇಟ್ಲೆಟ್‌ಗಳನ್ನು ತೆಗೆಯದೆ, ಅವು ಅಂಟಿಕೊಳ್ಳಲು ಬಳಸುವ ಕೊಂಡಿಗಳನ್ನು ಮಾತ್ರ ತಡೆದಾಗಲೂ ಇಲಿಗಳು ಸುಧಾರಿಸಿದವು. ಎಂಎಸ್ ಇದ್ದು ತೀರಿಕೊಂಡವರ ಮಿದುಳಿನ ಕಲೆಗಳಲ್ಲೂ ಪ್ಲೇಟ್ಲೆಟ್ ಸಿಕ್ಕಿತು.

ನೀವು ಓದಿದ್ದು ಬಹುಶಃ ಇದನ್ನೇ. ಇಷ್ಟಕ್ಕೇ ನಿಲ್ಲಿಸಿದರೆ ನಿಮ್ಮ ಲೆಕ್ಕ ಸರಿ ಅನ್ನಿಸುತ್ತದೆ. ಆದರೆ ಜಗಳ ನಡೆದ ಜಾಗದಲ್ಲಿ ಸಿಕ್ಕವರೆಲ್ಲ ಜಗಳ ಶುರು ಮಾಡಿದವರಲ್ಲ, ಬಿಡಿಸಲು ಬಂದವರೂ ಇರುತ್ತಾರೆ. ಪ್ಲೇಟ್ಲೆಟ್ ಎರಡೂ ಕೆಲಸ ಮಾಡುತ್ತದೆ ಅನ್ನೋದು 2015ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ಕಂಡಿತು. ಕಾಯಿಲೆಯ ಆರಂಭದಲ್ಲಿ ಪ್ಲೇಟ್ಲೆಟ್‌ಗಳು ಸೆರೊಟೋನಿನ್, ಪ್ಲೇಟ್ಲೆಟ್ ಫ್ಯಾಕ್ಟರ್ 4 ಮೊದಲಾದವನ್ನು ಸುರಿದು ಟಿ ಕಣಗಳನ್ನು ಕೆರಳಿಸಿದವು. ದಿನ ಕಳೆದಂತೆ ಅವುಗಳ ಚೀಲ ಖಾಲಿಯಾಗುತ್ತಾ ಬಂತು. ಆಮೇಲೆ ಅವೇ ಪ್ಲೇಟ್ಲೆಟ್‌ಗಳು ಟಿ ಕಣಗಳಿಗೆ ಅಂಟಿಕೊಂಡು ಅವುಗಳ ಆರ್ಭಟ ತಗ್ಗಿಸತೊಡಗಿದವು. ಅಂಟಿಕೊಳ್ಳಲು ಬಳಸಿದ್ದು ಯಾವ ಕೊಂಡಿ ಗೊತ್ತಾ? ಆಗಲೇ ಹೇಳಿದ ಅದೇ ಪಿ-ಸೆಲೆಕ್ಟಿನ್. ಕೆರಳಿದ್ದಕ್ಕೆ ಗುರುತು ಅಂತ ನಾವು ಅಳೆಯುತ್ತಿದ್ದ ವಸ್ತುವೇ ಇಲ್ಲಿ ಸಮಾಧಾನ ಮಾಡುವ ಕೆಲಸಕ್ಕೆ ಬಂದಿದೆ. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ತುಂಬಾ ಸ್ವಾರಸ್ಯವಾದದ್ದು ಇದು.

ಇದರ ಅರ್ಥ ಏನು ಅಂದರೆ, ಪ್ಲೇಟ್ಲೆಟ್‌ನ ಪಾತ್ರ ಕಾಯಿಲೆ ಯಾವ ಹಂತದಲ್ಲಿದೆ ಅನ್ನೋದರ ಮೇಲೆ ನಿಂತಿದೆ. ಇಲಿಯಲ್ಲಾದರೆ ನಾವೇ ಕಾಯಿಲೆ ತರಿಸಿದ್ದು, ಇವತ್ತು ಎಷ್ಟನೇ ದಿನ ಅಂತ ಗೊತ್ತು. ನಿಮ್ಮ ತಂಗಿಯ ಮಿದುಳಿನಲ್ಲಿ ಒಂದು ಹಳೆಯ ಕಲೆ ಮಾಯುತ್ತಾ ಇರಬಹುದು, ಇನ್ನೊಂದು ಈಗ ತಾನೇ ಶುರುವಾಗಿರಬಹುದು, ಎರಡೂ ಒಂದೇ ಹೊತ್ತಿನಲ್ಲಿ. ಯಾವಾಗ ತಡೆಯಬೇಕು, ಯಾವಾಗ ಬಿಡಬೇಕು ಅಂತ ಹೇಳೋದು ಹೇಗೆ?

ಪ್ಲೇಟ್ಲೆಟ್‌ಗಳು ಮೊದಲು ಕೆರಳೋದು ಯಾಕೆ ಅನ್ನೋದಕ್ಕೂ ಒಂದು ಸುಳಿವು ಇದೆ. ನರಕೋಶಗಳ ಮೈಮೇಲೆ ಗ್ಯಾಂಗ್ಲಿಯೋಸೈಡ್ ಅನ್ನುವ ಕೊಬ್ಬು ಮತ್ತು ಸಕ್ಕರೆ ಸೇರಿದ ವಸ್ತುಗಳಿವೆ. ಮಾಮೂಲಿಯಾಗಿ ರಕ್ತಕ್ಕೆ ಇವುಗಳ ಪರಿಚಯವೇ ಇರೋದಿಲ್ಲ, ಯಾಕಂದರೆ ನಡುವೆ ಗೋಡೆ ಇದೆ. ಗೋಡೆ ಸೋರಿದಾಗ ಪ್ಲೇಟ್ಲೆಟ್ ಇವನ್ನು ಗುರುತು ಹಿಡಿದು ಕೆರಳುತ್ತದೆ ಅಂತ 2013ರ ಒಂದು ಅಧ್ಯಯನ ತೋರಿಸಿತು. ಸೋರುವಾಗ ರಕ್ತದಿಂದ ಫೈಬ್ರಿನೋಜೆನ್ ಕೂಡ ಒಳಗೆ ಹೋಗುತ್ತದೆ. ಇದು ಹೆಪ್ಪಿನ ಬಲೆ ನೇಯುವ ಪ್ರೋಟೀನ್. ಮಿದುಳಿನೊಳಗೆ ಇದು ಅಲ್ಲಿನ ಕಾವಲು ಕಣಗಳನ್ನು, ಅಂದರೆ ಮೈಕ್ರೋಗ್ಲಿಯಾಗಳನ್ನು, ಕೆರಳಿಸುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದ ಗ್ಲ್ಯಾಡ್‌ಸ್ಟೋನ್ ಸಂಸ್ಥೆಯ ಕಟೆರಿನಾ ಅಕಾಸೊಗ್ಲು ಅವರ ತಂಡ ವರ್ಷಗಟ್ಟಲೆ ಇದರ ಹಿಂದೆ ಬಿದ್ದಿದೆ. ರಕ್ತ ಹೆಪ್ಪುಗಟ್ಟುವ ಕೆಲಸಕ್ಕೆ ಧಕ್ಕೆ ಮಾಡದೆ, ಉರಿಯೂತ ಎಬ್ಬಿಸುವ ತುದಿಯನ್ನು ಮಾತ್ರ ಮುಚ್ಚುವ ಒಂದು ಪ್ರತಿಕಾಯವನ್ನು ಅವರು 2018ರಲ್ಲಿ ಇಲಿಗಳಲ್ಲಿ ತೋರಿಸಿದರು. ನನಗೆ ಭರವಸೆ ಇರೋದು ಇಂಥ ದಾರಿಯ ಮೇಲೆ. ಒಟ್ಟಾರೆ ರಕ್ತ ತೆಳು ಮಾಡೋದರ ಮೇಲಲ್ಲ.

ಯಾಕೆ ಅಂತೀರಾ? ಮನುಷ್ಯರಲ್ಲಿ ಪ್ಲೇಟ್ಲೆಟ್ ನಿಜವಾಗಿಯೂ ತೀರಾ ಇಳಿದಾಗ ಏನಾಯಿತು ಅನ್ನೋದಕ್ಕೆ ಎಂಎಸ್‌ನಲ್ಲೇ ಉದಾಹರಣೆ ಇದೆ. ಅಲೆಮ್ಟುಜುಮಾಬ್ ಅಂತ ಒಂದು ಬಲವಾದ ಔಷಧಿ. ಅದನ್ನು ಪಡೆದ ಕೆಲವರಲ್ಲಿ ತಿಂಗಳುಗಳ ನಂತರ ದೇಹ ತನ್ನದೇ ಪ್ಲೇಟ್ಲೆಟ್‌ಗಳ ಮೇಲೆ ತಿರುಗಿಬಿತ್ತು. ಆರಂಭದ ಪ್ರಯೋಗದಲ್ಲಿ ಒಬ್ಬರು ಮಿದುಳಿನಲ್ಲಿ ರಕ್ತಸ್ರಾವವಾಗಿ ತೀರಿಕೊಂಡರು, 2005ರಲ್ಲಿ ಆ ಪ್ರಯೋಗದಲ್ಲಿ ಔಷಧಿ ಕೊಡೋದನ್ನೇ ತಡೆಹಿಡಿದರು. ಅದಕ್ಕೇ ಈಗ ಆ ಔಷಧಿ ಪಡೆದವರು ಕೊನೆಯ ಡೋಸ್ ಆದಮೇಲೂ 4 ವರ್ಷ ಪ್ರತಿ ತಿಂಗಳು ರಕ್ತ ಪರೀಕ್ಷೆ ಮಾಡಿಸಬೇಕು. ಪ್ಲೇಟ್ಲೆಟ್ ಕಡಿಮೆಯಾದರೆ ಒಳ್ಳೇದಲ್ವಾ ಅಂತ ಕೇಳಿದಿರಿ. ಇಲಿಯ ಬಾಲಕ್ಕೆ ಒಳ್ಳೇದಿರಬಹುದು, ಮನುಷ್ಯರ ಮಿದುಳಿಗಲ್ಲ.

ಇನ್ನು ನಿಮ್ಮ 1.38 ಲಕ್ಷ. ಸಾಮಾನ್ಯ ಮಟ್ಟ ಒಂದು ಮೈಕ್ರೋಲೀಟರ್ ರಕ್ತಕ್ಕೆ 1.5ರಿಂದ 4.5 ಲಕ್ಷ. ಟೆರಿಫ್ಲುನೊಮೈಡ್ ಪ್ಲೇಟ್ಲೆಟ್ ಅನ್ನು ಸ್ವಲ್ಪ ಇಳಿಸುತ್ತದೆ, ಪ್ರಯೋಗಗಳಲ್ಲಿ ಸರಾಸರಿ ಶೇ 10ರಷ್ಟು. ಮಾತ್ರೆ ಶುರು ಮಾಡುವ ಮುಂಚಿನ ವರದಿ ಹುಡುಕಿ ತೆಗೆಯಿರಿ. ಆಗಲೇ 1.5 ಆಸುಪಾಸು ಇದ್ದರೆ ಈಗಿನದ್ದು ದೊಡ್ಡ ವಿಷಯವಲ್ಲ. ಆಗ 3 ಲಕ್ಷ ಇತ್ತು ಅಂದರೆ ಡಾಕ್ಟರಿಗೆ ಬೇಗ ತೋರಿಸಿ.

ಅದಕ್ಕೂ ಮುಂಚೆ ಸಂಖ್ಯೆ ನಿಜವಾ ಅಂತ ನೋಡಬೇಕು. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ತೆಗೆದಿರುತ್ತಾರೆ, ಅದರಲ್ಲಿ ಇಡಿಟಿಎ ಅನ್ನುವ ರಾಸಾಯನಿಕ ಇರುತ್ತದೆ. ಕೆಲವರ ಪ್ಲೇಟ್ಲೆಟ್‌ಗಳು ಆ ಟ್ಯೂಬಿನೊಳಗೇ ಗುಂಪುಗಟ್ಟಿಕೊಳ್ಳುತ್ತವೆ. ಯಂತ್ರಕ್ಕೆ ಆ ಗುಂಪು ಪ್ಲೇಟ್ಲೆಟ್ ಅಂತ ಗೊತ್ತಾಗೋದಿಲ್ಲ, ಎಣಿಸದೆ ಬಿಟ್ಟುಬಿಡುತ್ತದೆ. ಮೈಯಲ್ಲಿ ಸರಿಯಾಗಿಯೇ ಇರುತ್ತದೆ, ಕಾಗದದಲ್ಲಿ ಮಾತ್ರ ಕಡಿಮೆ. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗುಂಪು ಕಣ್ಣಿಗೇ ಬೀಳುತ್ತದೆ. ಬೇಕಾದರೆ ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೊಮ್ಮೆ ತೆಗೆಯುತ್ತಾರೆ. ಲ್ಯಾಬಿನವರಿಗೆ ಸುಮ್ನೆ ಒಂದು ಮಾತು ಹೇಳಿ, ಸ್ಮಿಯರ್ ನೋಡಿ ಅಂತ. ಅಷ್ಟರಿಂದಲೇ ಎಷ್ಟೋ ಮನೆಯವರ ನಿದ್ದೆ ಉಳಿಯುತ್ತದೆ.

ಎಕೋಸ್ಪ್ರಿನ್ ಯಾಕೆ ಬೇಡ? ಅಪ್ಪನಿಗೆ ಸ್ಟೆಂಟ್ ಮುಚ್ಚಿಕೊಳ್ಳಬಾರದು ಅಂತ ಕೊಟ್ಟಿದ್ದಾರೆ, ಅಲ್ಲಿ ಅದು ಜೀವ ಉಳಿಸುವ ಮಾತ್ರೆ, ಅವರು ಒಂದು ದಿನವೂ ತಪ್ಪಿಸಬಾರದು. ಎಂಎಸ್‌ಗೆ ಪ್ಲೇಟ್ಲೆಟ್ ತಡೆಯುವ ಯಾವ ಮಾತ್ರೆಯೂ ಚಿಕಿತ್ಸೆಯಾಗಿ ಒಪ್ಪಿಗೆ ಪಡೆದಿಲ್ಲ. ಪ್ಲೇಟ್ಲೆಟ್ ಕೆರಳಿಸುವ ಒಂದು ಅಂಶವನ್ನು ತಡೆಯುವ ಗಿಂಕ್ಗೊಲೈಡ್ ಬಿ ಅನ್ನುವ ಸಸ್ಯಮೂಲದ ವಸ್ತುವನ್ನು ಎಂಎಸ್ ಮರುಕಳಿಸಿದವರಿಗೆ ಕೊಟ್ಟು ನೋಡಿದ್ದೂ ಆಗಿದೆ. 1995ರಲ್ಲಿ ಫಲಿತಾಂಶ ಬಂತು. ಡಮ್ಮಿ ಔಷಧಿಗಿಂತ ಒಂದಿಷ್ಟೂ ಮೇಲಾಗಿರಲಿಲ್ಲ. ಮತ್ತೆ ನಿಮ್ಮ ತಂಗಿಗೆ ಯಾವಾಗಲಾದರೂ ರೋಗ ಮರುಕಳಿಸಿದರೆ ದಿನಕ್ಕೆ 1 ಗ್ರಾಂನಂತೆ 3ರಿಂದ 5 ದಿನ ಸ್ಟೀರಾಯ್ಡ್ ಡ್ರಿಪ್ ಹಾಕುತ್ತಾರೆ. ಸ್ಟೀರಾಯ್ಡ್ ಜೊತೆ ಆಸ್ಪಿರಿನ್ ಸೇರಿದರೆ ಹೊಟ್ಟೆಯಲ್ಲಿ ಅಲ್ಸರ್ ಆಗಿ ರಕ್ತ ಸೋರುವ ಅಪಾಯ ಜಾಸ್ತಿ. ಪ್ಲೇಟ್ಲೆಟ್ ಮೊದಲೇ ಕಡಿಮೆ ಇದ್ದರಂತೂ ಕೇಳೋದೇ ಬೇಡ. ಡೈಮಿಥೈಲ್ ಫ್ಯೂಮರೇಟ್ ಅನ್ನುವ ಇನ್ನೊಂದು ಎಂಎಸ್ ಔಷಧಿ ತಗೊಳ್ಳುವ ಕೆಲವರ ಚೀಟಿಯಲ್ಲಿ ಆಸ್ಪಿರಿನ್ ನೋಡಿರಬಹುದು, ಅದು ಮುಖ ಕೆಂಪಾಗಿ ಉರಿಯೋದನ್ನು ತಡೆಯಲು, ಎಂಎಸ್‌ಗಲ್ಲ.

ಆದರೆ ಒಂದು ವಿಷಯ ಬಿಡುವ ಹಾಗಿಲ್ಲ. ಎಂಎಸ್ ಇರುವವರಲ್ಲಿ ಕಾಲಿನ ಆಳದ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಸಾಧ್ಯತೆ ಬೇರೆಯವರಿಗಿಂತ ಸುಮಾರು ಎರಡು ಪಟ್ಟು ಅಂತ ದೊಡ್ಡ ದಾಖಲೆಗಳಿಂದ ಗೊತ್ತಾಗಿದೆ. ಓಡಾಟ ಕಡಿಮೆಯಾಗೋದು ಇದಕ್ಕೆ ದೊಡ್ಡ ಕಾರಣ. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಎಂಎಸ್‌ನಿಂದ ಕಾಲು ಬಿಗಿದಿದೆ ಅಂತ ಎಣ್ಣೆ ಹಚ್ಚಿ ತಿಕ್ಕುತ್ತಾ ಕೂರಬೇಡಿ. ಆ ದಿನವೇ ಡಾಪ್ಲರ್ ಸ್ಕ್ಯಾನ್ ಮಾಡಿಸಿ. ಜೊತೆಗೆ ಉಸಿರು ಕಟ್ಟಿದರೆ ನೇರ ಎಮರ್ಜೆನ್ಸಿಗೆ.

ಕೊನೆಗೆ ಅಮ್ಮನ ಪಪ್ಪಾಯ ಎಲೆ. ಅವರನ್ನು ಬೈಯಬೇಡಿ, ಡೆಂಗಿಯ ಕಾಲದಲ್ಲಿ ಎಲ್ಲರ ಮನೆಯಲ್ಲೂ ಮಾಡಿದ್ದೇ. ತೊಂದರೆ ಏನಪ್ಪಾ ಅಂದರೆ ಟೆರಿಫ್ಲುನೊಮೈಡ್ ಲಿವರ್ ಮೇಲೂ ಪರಿಣಾಮ ಮಾಡಬಹುದಾದ ಮಾತ್ರೆ, ಅದಕ್ಕೇ ಆಗಾಗ ಲಿವರ್ ಪರೀಕ್ಷೆ ಬರೆಯೋದು. ನಡುವೆ ಎಲೆ ರಸ, ಕಷಾಯ ಸೇರಿಕೊಂಡರೆ, ನಾಳೆ ವರದಿಯಲ್ಲಿ ಏರುಪೇರಾದಾಗ ಯಾವುದರಿಂದ ಅಂತ ಹೇಳೋದು ಕಷ್ಟವಾಗುತ್ತದೆ. ಆಮೇಲೆ ಒಳ್ಳೆ ಕೆಲಸ ಮಾಡುತ್ತಿದ್ದ ಮಾತ್ರೆಯನ್ನೇ ನಿಲ್ಲಿಸಬೇಕಾಗಿ ಬರಬಹುದು. ಎರಡು ವಾರದೊಳಗೆ ಸಿಬಿಸಿ, ಸ್ಮಿಯರ್ ಎರಡನ್ನೂ ಮತ್ತೆ ಮಾಡಿಸಿ, ಹಳೆಯ ವರದಿಗಳ ಜೊತೆ ನಿಮ್ಮ ನರರೋಗ ವೈದ್ಯರಿಗೆ ತೋರಿಸಿ. 1 ಲಕ್ಷಕ್ಕಿಂತ ಕೆಳಗೆ ಬಂದರೆ ಕಾಯದೆ ಫೋನ್ ಮಾಡಿ. ಕಾಲಿನ ಚರ್ಮದ ಮೇಲೆ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು, ಹಲ್ಲುಜ್ಜುವಾಗ ನಿಲ್ಲದ ರಕ್ತ, ಯಾವತ್ತೂ ಇಲ್ಲದಷ್ಟು ಮುಟ್ಟಿನ ಸ್ರಾವ, ಇವುಗಳಲ್ಲಿ ಯಾವುದು ಕಂಡರೂ ಸಂಖ್ಯೆ ಎಷ್ಟು ಅಂತ ನೋಡುತ್ತಾ ಕೂರದೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.